ಒಂದು ಕೊಂಬಿನ ಅಂತರ

ಬೇಡು ಅನ್ನುವುದಕ್ಕೂ ಬೇಡ ಅನ್ನುವುದಕ್ಕೂ
ಒಂದೇ ಒಂದು ಕೊಂಬಿನ ಅಂತರ.
ತಿವಿಯುವುದು ಆ ಕೊಂಬೇ.

ಮಂಡ್ಯದ ನೂರಡಿ ರಸ್ತೆ, ಬೇಕರಿಯ ಮೇಲಿನ ಹಾಲಿನಲ್ಲಿ
ನಮಗೆ ಮೂರು ದಿನದ ತರಬೇತಿ.
ಕೆಳಗಿನಿಂದ ಬನ್ನಿನ ವಾಸನೆ, ಮೇಲೆ ಭಾನುಪ್ರಕಾಶ್ ಸಾರ್ ದನಿ:
"ಮನಸ್ಸಿಗೆ ಬಾಗಿಲಿಗಿಂತ ಮೊದಲು ಕಿಟಕಿ ಇರುತ್ತೆ.
ಹೋದ ಕೂಡಲೇ ಫಿಲ್ಟರ್ ಅನ್ನಬೇಡಿ,
ಒಂದು ಲೋಟ ನೀರು ಕೇಳಿ.
ಸಣ್ಣದನ್ನು ಕೊಟ್ಟ ಕೈ ದೊಡ್ಡದನ್ನೂ ಕೊಡುತ್ತೆ.
ಹೆಸರು ಹಿಡಿದು ಮಾತಾಡಿಸಿ. ಅವರು ತಲೆ ವಾಲಿಸಿದರೆ ನೀವೂ ವಾಲಿಸಿ.
ಪಕ್ಕದ ಮನೆಯವರು ತಗೊಂಡರು ಅನ್ನಿ..."
ತಗೊಂಡಿಲ್ಲವಲ್ಲ ಸಾರ್, ಅಂದ ಹಿಂದಿನ ಬೆಂಚಿನ ಶಿವಮಾದು.
"ತಗೋತಾರೆ," ಅಂದರು ಸಾರ್.
ನಾನು ಅದನ್ನೂ ಬರೆದುಕೊಂಡೆ.

ಬರೆದುಕೊಳ್ಳದೆ ಬಿಟ್ಟದ್ದು ಇಷ್ಟೆ:
ಗೇಟಿನ ಚಿಲಕ ಮುಟ್ಟಿದೊಡನೆ
ನನ್ನ ಅಂಗೈ ಒದ್ದೆಯಾಗುತ್ತದೆ.

ಏಳು ವರ್ಷದವನಿದ್ದಾಗ ಅಪ್ಪ ನನ್ನ ಕೈ ಹಿಡಿದು
ಸುಭಾಷ್ ನಗರದ ಒಂದು ಮನೆಯ ಮುಂದೆ ನಿಂತಿದ್ದ,
ಕಾರ್ಖಾನೆಯ ಕೆಲಸಕ್ಕೆ ಯಾರಿಂದಲೋ ಒಂದು ಮಾತು ಹೇಳಿಸಲು.
ಒಳಗೆ ರೇಡಿಯೊ ಹಾಡುತ್ತಿತ್ತು, ಯಾರೋ ಅದನ್ನು ಆರಿಸಿದರು.
ಬೀದಿ ತುಂಬ ಕಾಕಂಬಿಯ ನಾತ.
"ಊಟದ ಹೊತ್ತು ಕನ ಮಗ," ಅಂದ ಅಪ್ಪ ಮೆಟ್ಟಿಲಿಳಿದು,
"ತಪ್ಪು ನಮ್ದೇಯ."
ಸಂಜೆ ನಾಲ್ಕೂವರೆ.
ನನಗೆ ಗಡಿಯಾರ ನೋಡಲು ಆಗಲೇ ಬರುತ್ತಿತ್ತು.
ಆ ಗೇಟಿಗೆ ಹಸಿರು ಬಣ್ಣ. ಈಗಲೂ ಹಸಿರು ಗೇಟು ಕಂಡರೆ
ವಿಳಾಸ ಹುಡುಕುವವನಂತೆ ಮುಂದೆ ಹೋಗುತ್ತೇನೆ.

ದಿನಕ್ಕೆ ನಲವತ್ತು ಬೇಡ ಸಂಪಾದಿಸಿ,
ಹೆದರಿಕೆ ತಾನೇ ಸವೆಯುತ್ತೆ, ಅಂದಿದ್ದರು ಸಾರ್.
ಸಂಪಾದಿಸಿದೆ, ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತ.
ಗ್ರಿಲ್ಲಿನ ಸಂದಿಯಿಂದ ಕೈಯಷ್ಟೇ ಬಂದು ಅಲ್ಲಾಡಿದ ಬೇಡ.
ನಾಯಿಯ ಬಾಯಲ್ಲಿ ಹೇಳಿಸಿದ ಬೇಡ.
ಯಜಮಾನರಿಲ್ಲ ಅನ್ನುವಾಗಲೇ
ಒಳಗಿನಿಂದ ಯಜಮಾನರು ಕೆಮ್ಮಿದ ಬೇಡ.
ಗುತ್ತಲಿನಲ್ಲೊಂದು ಮಗು ಓಡಿ ಬಂದು
"ಅಮ್ಮ ಮನೇಲಿಲ್ವಂತೆ" ಅಂದಿತು.
ಅದಕ್ಕೆ ಅರ್ಧ ಗೀಟು.

ಕಲ್ಲಹಳ್ಳಿಯ ಜಗಲಿಯಲ್ಲಿ ಜವರಾಯಮ್ಮ
ಅವರೆಕಾಳು ಹಿದುಕುತ್ತಿದ್ದರು. ಒಂದು ಲೋಟ ನೀರು ಕೇಳಿದೆ.
ತಲೆ ಎತ್ತದೆ ಅಂದರು: "ನೀರ್ ಕೇಳೋದು ನಿಮ್ ಪಾಠ ಅಲ್ವೇನಪ್ಪ?
ಹೋದ್ವಾರ ಬಂದಿದ್ದ ಹುಡುಗನೂ ಕೇಳ್ದ. ಕುಡೀನೇ ಇಲ್ಲ.
ಲೋಟ ಪಕ್ಕದಲ್ಲಿಟ್ಬುಟ್ಟು ಮಾತಾಡ್ದ, ಮಾತಾಡ್ದ."

ಹೆಸರು, ಪಕ್ಕದ ಮನೆ, ವಾಲಿಸಬೇಕಿದ್ದ ತಲೆ
ಎಲ್ಲ ಇದ್ದಲ್ಲೇ ಉಳಿದವು.
ಅವರು ಸೊಂಟ ಹಿಡಿದು ಎದ್ದು ಒಳಗೆ ಹೋಗಿ
ತಂಬಿಗೆ ತಂದರು, ಅಂಗೈಯಲ್ಲಿ ಒಂದು ಚೂರು ಬೆಲ್ಲ.
"ನಿನ್ ಮಿಷಿನ್ ನಂಗೆ ಬ್ಯಾಡ ಕನ.
ನೀರ್ ಬೇಕಾ ನಿಂಗೆ? ದಿಟ ಹೇಳು."

ಬೇಕಿತ್ತು. ಬೆಳಗಿನಿಂದ ಹದಿನೇಳು ಮನೆಯಲ್ಲಿ ಕೇಳಿದ್ದೆ,
ಬಾಯಾರಿದೆಯೆಂದು ನನಗೇ ಹೊಳೆದಿರಲಿಲ್ಲ.
ಎತ್ತಿ ಕುಡಿದೆ. ಕತ್ತಿನಿಂದ ಜಾರಿ ಟೈ ನೆನೆಯಿತು.
ಅವರು ಮತ್ತೆ ಕಾಳಿಗೆ ಕೂತರು,
ಸಿಪ್ಪೆ ಬೇರೆ, ಬೇಳೆ ಬೇರೆ, ಕಣ್ಣು ಬೀದಿಯ ಕಡೆ.
ಈ ಮನೆಗೆ ಯಾವ ಗೀಟು ಹಾಕುವುದೋ ತಿಳಿಯದೆ
ಪೆನ್ನು ಜೇಬಿಗೆ ಸಿಕ್ಕಿಸಿದೆ.

ಶನಿವಾರ ರಾತ್ರಿ ಸಾರ್ ಫೋನು:
"ಬೋರಲಿಂಗಾ, ಟೀಮಲ್ಲಿ ನಿನ್ನಂಥವನು ಇನ್ನೊಬ್ಬನಿಲ್ಲ ಬೋರಲಿಂಗಾ.
ಒಂದು ಚಿಕ್ಕ ಸಹಾಯ. ನಾಳೆ ಬರೀ ಅರ್ಧ ದಿನ.
ಶಿವಮಾದು ಆಗಲೇ ಒಪ್ಪಿದಾನೆ."

ನನ್ನ ಪಕ್ಕದಲ್ಲೇ ಶಿವಮಾದು ಪರೋಟ ಮುರಿಯುತ್ತಿದ್ದ,
ಏನನ್ನೂ ಒಪ್ಪದೆ.

ಅಂಗೈ ಒದ್ದೆಯಾಯಿತು. ಆಗಲಿ ಎಂದು ಬಿಟ್ಟೆ.
"ಬ್ಯಾಡ ಸಾರ್," ಅಂದೆ. "ನಿಮ್ದು ಊಟ ಆಯ್ತಾ?"
ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.
"ಇನ್ನೂ ಇಲ್ಲ ಕಣೋ," ಅಂದರು,
ತರಬೇತಿಯಲ್ಲಿ ಒಮ್ಮೆಯೂ ಕೇಳದ ದನಿಯಲ್ಲಿ.